ಇಂದಿನ ಧಮ್ಮ ಚಿಂತನೆ: ನೆಲೆ ನಿಲ್ಲದ ಒಳಿತಿಗೆ ಬೆಲೆ ಇದೆಯೇ?





ಶ್ರೀಗಂಧದ ಕಾವಲ್‌ನ ನಮ್ಮ ಅಧ್ಯಯನ ಬಳಗದಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬರು ಕೇಳುತ್ತಾರೆ: "ಹತ್ತು ದಿನ ಶಿಬಿರದಲ್ಲಿ ಕೂತು ಬಂದೆ. ಮನಸ್ಸು ತಿಳಿಯಾಗಿತ್ತು. ಮನೆಗೆ ಬಂದು ಒಂದು ವಾರಕ್ಕೆ ಎಲ್ಲ ಕರಗಿಹೋಯಿತು. ಹಾಗಾದರೆ ಆ ಹತ್ತು ದಿನ ದಂಡವೇ?" ಇನ್ನೊಬ್ಬರು ಕೇಳುತ್ತಾರೆ: "ನಮ್ಮತ್ತೆಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಸ್ನಾನ ಮಾಡಿಸಿ, ತಲೆ ಬಾಚಿ, ಊಟ ಮಾಡಿಸುತ್ತೇನೆ. ಮಧ್ಯಾಹ್ನಕ್ಕೆ ನೀನು ಯಾರಮ್ಮಾ ಅಂತಾರೆ. ನಾನು ಮಾಡಿದ್ದು ಎಲ್ಲಿಗೆ ಹೋಯಿತು?"

ಎರಡೂ ಪ್ರಶ್ನೆಗಳ ಬೇರು ಒಂದೇ. ಉಳಿಯದ ಒಳಿತಿಗೆ ಬೆಲೆ ಇದೆಯೇ? ಅನಿಚ್ಚ, ಎಲ್ಲವೂ ಅನಿತ್ಯ ಎಂದು ನಾವು ದಿನವೂ ಹೇಳುತ್ತೇವೆ. ಆದರೆ ನಮ್ಮ ದುಃಖ ಅನಿತ್ಯವಾಗಲಿ, ನಾವು ಮಾಡಿದ ಒಳಿತು ಮಾತ್ರ ನಿತ್ಯವಾಗಿರಲಿ ಎಂಬ ಆಸೆ ಒಳಗೆ ಇದ್ದೇ ಇರುತ್ತದೆ.

ಈ ಪ್ರಶ್ನೆಯನ್ನು ಇಂದು ಒಂದು ಬಟ್ಟಲು ಮೊಸರಿನ ಮೂಲಕ ನೋಡೋಣ. ಮೊಸರಿಗೂ ಧಮ್ಮಕ್ಕೂ ಏನು ಸಂಬಂಧ ಎನ್ನಬೇಡಿ. ಕೊನೆಯವರೆಗೆ ಓದಿ.

*ಈ ದೇಹ ಯಾರ ಮನೆ?*

ಸುಮಾರು 70 ಕಿಲೋ ತೂಕದ ಒಬ್ಬ ಮನುಷ್ಯನ ದೇಹದಲ್ಲಿ ಅವನದೇ ಆದ ಜೀವಕೋಶಗಳು ಅಂದಾಜು 30 ಲಕ್ಷ ಕೋಟಿ. ಅದೇ ದೇಹದಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳು ಅಂದಾಜು 38 ಲಕ್ಷ ಕೋಟಿ. 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ಕೊಟ್ಟ ಅಂದಾಜು ಇದು. ಈ ಬ್ಯಾಕ್ಟೀರಿಯಾಗಳೆಲ್ಲ ಸೇರಿದರೂ ತೂಕ ಬರೀ 200 ಗ್ರಾಂ ಆಸುಪಾಸು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ತಲೆ ಎಣಿಸಿ ಮತ ಹಾಕಿಸಿದರೆ ಈ ದೇಹದಲ್ಲಿ "ನಾನು" ಅಲ್ಪಸಂಖ್ಯಾತ!

ಇದು ನಮ್ಮ ಪರಂಪರೆಗೆ ಪೂರ್ತಿ ಹೊಸ ಮಾತಲ್ಲ. ಸುಮಾರು 1500 ವರ್ಷಗಳ ಹಿಂದೆ ಆಚಾರ್ಯ ಬುದ್ಧಘೋಷರು ಬರೆದ ವಿಸುದ್ಧಿಮಗ್ಗದಲ್ಲಿ ಮರಣಸತಿಯನ್ನು ಎಂಟು ಬಗೆಯಲ್ಲಿ ಭಾವಿಸುವ ಕ್ರಮ ಇದೆ. ಅದರಲ್ಲಿ ಒಂದು, ಈ ದೇಹ ಹಲವರಿಗೆ ಸೇರಿದ್ದು ಎಂಬ ಭಾವನೆ. ದೇಹದೊಳಗೆ ಕ್ರಿಮಿಗಳ ಎಂಬತ್ತು ಕುಲಗಳಿವೆ, ಅವು ಇಲ್ಲೇ ಹುಟ್ಟುತ್ತವೆ, ಇಲ್ಲೇ ಮುದಿಯಾಗುತ್ತವೆ, ಇಲ್ಲೇ ಸಾಯುತ್ತವೆ, ನಮ್ಮ ದೇಹ ಅವುಗಳ ಹೆರಿಗೆ ಮನೆಯೂ ಹೌದು ಸ್ಮಶಾನವೂ ಹೌದು ಎಂಬ ಅರ್ಥದ ವಿವರಣೆ ಅಲ್ಲಿದೆ. ಸೂಕ್ಷ್ಮದರ್ಶಕ ಇಲ್ಲದ ಕಾಲದ ಮಾತು. ಅವರು ಹೇಳಿದ ಕ್ರಿಮಿಗಳೂ ಇವತ್ತಿನ ಬ್ಯಾಕ್ಟೀರಿಯಾಗಳೂ ಒಂದೇ ಎಂದು ಎಳೆದು ಕೂರಿಸುವುದು ಬೇಡ. "ನನ್ನ ದೇಹ" ಎಂದು ನಾವು ಎದೆ ತಟ್ಟಿಕೊಳ್ಳುವ ಹಕ್ಕು ಎಷ್ಟು ಸಡಿಲವಾದದ್ದು ಎಂಬುದನ್ನು ಅವರು ಕಂಡಿದ್ದರು, ಅಷ್ಟು ಸಾಕು.

*ಮೊಸರಿನ ಜೀವಿಯ ಪ್ರಯಾಣ*

ಈಗ ಮೊಸರಿಗೆ ಬರೋಣ. ಒಂದು ಚಮಚ ತಾಜಾ ಮೊಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಬಾಯಿ ದಾಟಿ ಇಳಿದ ಮೇಲೆ ಏನಾಗುತ್ತದೆ?

ಮೊದಲ ಪರೀಕ್ಷೆ ಜಠರದಲ್ಲಿ. ಖಾಲಿ ಹೊಟ್ಟೆಯ ಆಮ್ಲ ನಿಂಬೆರಸಕ್ಕಿಂತಲೂ ಖಾರ. ಬರಿಗೈಯಲ್ಲಿ ಹೋದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಅಲ್ಲೇ ಮುಗಿಯುತ್ತವೆ. ಊಟದ ಜೊತೆ ಹೋದರೆ ಪರಿಸ್ಥಿತಿ ಸ್ವಲ್ಪ ಮೆತ್ತಗೆ, ಏಕೆಂದರೆ ಅನ್ನ, ಹಾಲಿನ ಪ್ರೋಟೀನು ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸುತ್ತವೆ. ಕೆಲವು ಬ್ಯಾಕ್ಟೀರಿಯಾಗಳಿಗೆ ತಮ್ಮ ಕೋಶದ ಒಳಗೆ ನುಗ್ಗಿದ ಆಮ್ಲವನ್ನು ಹೊರಗೆ ದೂಡುವ ಪಂಪು ಇದೆ. ಇರುವ ಶಕ್ತಿಯನ್ನೆಲ್ಲ ಅದಕ್ಕೇ ಸುರಿದು ಅವು ಜೀವ ಹಿಡಿದುಕೊಂಡು ಮುಂದೆ ಹೋಗುತ್ತವೆ.

ಎರಡನೆಯ ಪರೀಕ್ಷೆ ಸಣ್ಣ ಕರುಳಿನ ಬಾಗಿಲಲ್ಲಿ. ಅಲ್ಲಿ ಪಿತ್ತರಸ ಸುರಿಯುತ್ತದೆ. ಜಿಡ್ಡನ್ನು ಸೋಪು ಒಡೆಯುವ ಹಾಗೆ ಪಿತ್ತರಸ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಒಡೆಯಬಲ್ಲದು. ಅದನ್ನು ನಿಷ್ಕ್ರಿಯ ಮಾಡುವ ಕಿಣ್ವ ಇರುವ ಜಾತಿಗಳು ಉಳಿದುಕೊಳ್ಳುತ್ತವೆ.

ಇದನ್ನೂ ದಾಟಿ ಸುಮಾರು ಆರು ಮೀಟರ್ ಸಣ್ಣ ಕರುಳನ್ನು ಮುಗಿಸಿ ದೊಡ್ಡ ಕರುಳಿಗೆ ಬಂದರೆ ಮೂರನೆಯ ಪರೀಕ್ಷೆ. ಅಲ್ಲಿ ಜಾಗವೇ ಇಲ್ಲ! ಹುಟ್ಟಿದಾಗಿನಿಂದ ಬೇರು ಬಿಟ್ಟ ಲಕ್ಷ ಕೋಟಿಗಟ್ಟಲೆ ನಿವಾಸಿಗಳು ಪ್ರತಿಯೊಂದು ಮೂಲೆಯನ್ನೂ, ಪ್ರತಿಯೊಂದು ತುತ್ತನ್ನೂ ಆಗಲೇ ಹಂಚಿಕೊಂಡಿವೆ. ಬೆಳಗಿನ ಎಂಟೂವರೆಗೆ ಮಾಗಡಿ ರಸ್ತೆಯಲ್ಲಿ ಬಿಎಂಟಿಸಿ ಬಸ್ ಹತ್ತಿದ ಹಾಗೆ. ಒಳಗೆ ನಿಲ್ಲಬಹುದು, ಸೀಟು ಸಿಗುವುದಿಲ್ಲ.

ಹೀಗಾಗಿ ಹೊರಗಿನಿಂದ ಬಂದ ಪ್ರೋಬಯಾಟಿಕ್ ಜೀವಿಗಳು ಬಹುತೇಕ ಜನರಲ್ಲಿ ನೆಲೆಸುವುದಿಲ್ಲ. ಕರುಳಿನ ಲೋಳೆಗೆ ಅಂಟಿಕೊಳ್ಳಲು ಕೂದಲಿನಂಥ ಎಳೆಗಳಿರುವ ಜಾತಿಗಳೂ ಇವೆ. ಆದರೂ ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಅವು ದೇಹದಿಂದ ಹೊರಟುಹೋಗುತ್ತವೆ. ಬಂದವು, ಹೋದವು.

ನೂರು ವರ್ಷಗಳ ಹಿಂದೆ ಈ ವಿಷಯದಲ್ಲಿ ಬೇರೆ ಆಸೆ ಇತ್ತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್, 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ, ಹುಳಿಹಾಲಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ನೆಲೆಸಿ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಓಡಿಸಿದರೆ ಮನುಷ್ಯ ದೀರ್ಘಾಯುಷಿಯಾಗಬಹುದು ಎಂದು ನಂಬಿದ್ದರು. ತಾವೂ ಹುಳಿಹಾಲು ಕುಡಿಯುತ್ತಿದ್ದರು. 1916ರಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ನೆಚ್ಚಿದ್ದ ಆ ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಬೇರು ಬಿಡುವುದಿಲ್ಲ ಎಂಬುದನ್ನು ಆಮೇಲಿನವರು ತೋರಿಸಿದರು.

*ಹಾಗಾದರೆ ಉಪಯೋಗವೇ ಇಲ್ಲವೇ?*

ಇದೆ. ನಮ್ಮ ಪ್ರಶ್ನೆಗೆ ಬೆಳಕು ಸಿಗುವುದು ಇಲ್ಲೇ.

ಹಾದುಹೋಗುವಾಗಲೇ ಅವು ಕೆಲಸ ಮಾಡುತ್ತವೆ. ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಅದರಿಂದ ಕೆಲವು ರೋಗಕಾರಕಗಳಿಗೆ ಆ ಜಾಗ ಒಗ್ಗುವುದಿಲ್ಲ. ಕರುಳಿನ ಗೋಡೆಯ ಸುತ್ತ ದೇಹದ ಕಾವಲು ಕೋಶಗಳ ದೊಡ್ಡ ಪಡೆಯೇ ಇದೆ, ಅವುಗಳ ಜೊತೆ ರಾಸಾಯನಿಕ ಸಂಕೇತಗಳಲ್ಲಿ ಮಾತಾಡುತ್ತವೆ. ಒಂದು ಜಾತಿ ಬಿಸಾಡಿದ್ದನ್ನು ಇನ್ನೊಂದು ಜಾತಿ ತಿನ್ನುತ್ತದೆ. ಆ ಇನ್ನೊಂದು ಬಿಡುವ ಬ್ಯುಟಿರೇಟ್ ಎಂಬ ವಸ್ತು ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ. ಯಾರದೋ ಎಂಜಲು ಯಾರದೋ ಅನ್ನ. ಪಟಿಚ್ಚ ಸಮುಪ್ಪಾದವನ್ನು ಪುಸ್ತಕದಲ್ಲಿ ಓದಿ ಅರ್ಥವಾಗದಿದ್ದವರು ಇದನ್ನು ನೆನೆಯಬಹುದು.

ಇನ್ನೂ ಅಚ್ಚರಿಯ ಸಂಗತಿ ಒಂದಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನ ನಮ್ಮ ನಡುವೆ ಇದ್ದಾರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಅವರಲ್ಲಿ ಕಡಿಮೆ. ಅದೇ ಜನ ಮೊಸರು ತಿಂದರೆ ಅಷ್ಟು ತೊಂದರೆ ಇಲ್ಲ. ಕಾರಣ, ಮೊಸರಿನ ಬ್ಯಾಕ್ಟೀರಿಯಾದ ಒಳಗೆ ಆ ಕಿಣ್ವ ಇದೆ. ಜಠರದ ಆಮ್ಲದಿಂದ ಕಿಣ್ವವನ್ನು ಕಾಪಾಡುವುದು ಬ್ಯಾಕ್ಟೀರಿಯಾದ ದೇಹ. ಸಣ್ಣ ಕರುಳಿನಲ್ಲಿ ಪಿತ್ತರಸ ತಾಗಿ ಆ ದೇಹ ಒಡೆಯುತ್ತದೆ. ಒಡೆದಾಗ ಕಿಣ್ವ ಹೊರಬಂದು ನಮ್ಮ ಊಟದ ಲ್ಯಾಕ್ಟೋಸನ್ನು ಅರಗಿಸುತ್ತದೆ. ಬದುಕಿ ಮುಂದೆ ಹೋದದ್ದು ಮಾಡುವ ಕೆಲಸ ಒಂದಾದರೆ, ಅಲ್ಲೇ ಒಡೆದುಹೋದದ್ದು ಮಾಡುವ ಕೆಲಸ ಇನ್ನೊಂದು.

ಇಡ್ಲಿಯನ್ನೇ ನೋಡಿ. ರಾತ್ರಿಯಿಡೀ ಹಿಟ್ಟನ್ನು ಉಬ್ಬಿಸಿದ ಬ್ಯಾಕ್ಟೀರಿಯಾಗಳು ಬೆಳಿಗ್ಗೆ ಹಬೆಯಲ್ಲಿ ಒಂದೂ ಉಳಿಯದೆ ಬೇಯುತ್ತವೆ. ಆದರೆ ಅವು ಉಬ್ಬಿಸಿದ್ದು ಉಬ್ಬಿಯೇ ಇರುತ್ತದೆ. ಕಬ್ಬಿಣದಂಥ ಸತ್ವಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶ ಹುದುಗಿದಾಗ ತಗ್ಗಿರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾದ ಸಂಸ್ಥೆ. ನಮ್ಮ ಅಜ್ಜಿಯರ ಅಡುಗೆಮನೆಯ ಈ ಹುಳಿಹಿಡಿಸುವ ವಿದ್ಯೆಯನ್ನು ಅಲ್ಲಿಯವರು ದಶಕಗಳಿಂದ ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಿದ್ದಾರೆ. ಇಡ್ಲಿ ತಟ್ಟೆಗೆ ಬೀಳುವಾಗ ಮಾಡಿದವರು ಯಾರೂ ಇಲ್ಲ. ಮಾಡಿದ್ದು ಇದೆ.

ನಮ್ಮ ಊರಿನ ಹೆಸರಿನಲ್ಲೇ ಇರುವ ಶ್ರೀಗಂಧವೂ ಇದೇ ಪಾಠ ಹೇಳುತ್ತದೆ. ಶ್ರೀಗಂಧ ಒಂಟಿಯಾಗಿ ಬೆಳೆಯಲಾರದ ಮರ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಸತ್ವ ಹೀರುತ್ತದೆ. ಅದಕ್ಕೇ ಸಸಿ ನೆಡುವ ರೈತರು ಪಕ್ಕದಲ್ಲಿ ತೊಗರಿ ಹಾಕುತ್ತಾರೆ. ತೊಗರಿಯ ಆಯುಸ್ಸು ಒಂದೆರಡು ವರ್ಷ. ಆಮೇಲೆ ಆಸರೆಗೆ ಹೊಂಗೆಯೋ ಸರ್ವೆಯೋ ಬೇಕು. ಶ್ರೀಗಂಧದ ಚೇಗು ಬಲಿತು ಪರಿಮಳ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿಗೆ ತೊಗರಿ ಯಾವತ್ತೋ ಮಣ್ಣಾಗಿರುತ್ತದೆ. ಗಂಧ ತೇಯುವಾಗ ತೊಗರಿಯನ್ನು ನೆನೆಯುವವರು ಯಾರೂ ಇಲ್ಲ. ತೊಗರಿ ಇಲ್ಲದಿದ್ದರೆ ಆ ಗಂಧವೂ ಇಲ್ಲ.

*ಶುದ್ಧ ಯಾರು, ಅಶುದ್ಧ ಯಾರು?*

ದೇಹದೊಳಗಿನ ಈ ಕೊಡುಕೊಳ್ಳುವಿಕೆಯನ್ನು ನೋಡಿದ ಮೇಲೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ಅನಂತರ ಸವರ್ಣೀಯರು ಆ ಕೆರೆಯನ್ನು "ಶುದ್ಧಿ" ಮಾಡಿದರು. ಶುದ್ಧಿಗೆ ಸುರಿದ ಮಡಕೆಗಳಲ್ಲಿ ಇದ್ದದ್ದು ಸಗಣಿ, ಗಂಜಲ, ಹಾಲು ಮತ್ತು ಮೊಸರು.

ಯೋಚಿಸಿ. ಕೋಟಿ ಕೋಟಿ ಬ್ಯಾಕ್ಟೀರಿಯಾ ಇರುವ ಮೊಸರನ್ನು ಸುರಿದವರ ಕರುಳಿನಲ್ಲೂ, ನೀರು ಮುಟ್ಟಿದವರ ಕರುಳಿನಲ್ಲೂ ಅದೇ ಬಗೆಯ ಜೀವರಾಶಿ ಇತ್ತು. ಮೊಸರಿನ ಜೀವಿಗೆ ಯಾರ ಹೊಟ್ಟೆ ಎಂಬ ಭೇದ ಇಲ್ಲ. ವಠಾರದಲ್ಲಿ ಹೆಪ್ಪಿಗೆ ಮೊಸರು ಸಾಲದೆ ಬಂದಾಗ ಪಕ್ಕದ ಮನೆಯ ಲೋಟ ತರುವುದು ನಮಗೆಲ್ಲ ಗೊತ್ತು. ಯಾವ ಮನೆಯಿಂದ ತರಬಹುದು, ಯಾವ ಮನೆಯಿಂದ ತರಬಾರದು ಎಂಬ ಲೆಕ್ಕ ಹಾಕುವ ಮನೆಗಳೂ ನಮಗೆ ಗೊತ್ತು. ಆ ಲೆಕ್ಕ ಮನುಷ್ಯರದು. ಹೆಪ್ಪು ಎಲ್ಲಿ ಹಾಕಿದರೂ ಹಾಲನ್ನು ಮೊಸರು ಮಾಡುತ್ತದೆ. "ಶುದ್ಧ ದೇಹ" ಎಂಬುದೇ ಇಲ್ಲದಿರುವಾಗ ದೇಹದ ಶುದ್ಧಿಯ ಹೆಸರಿನಲ್ಲಿ ಮನುಷ್ಯನನ್ನು ದೂರ ಇಡುವುದು ಅವಿಜ್ಜೆಯ, ಅಜ್ಞಾನದ, ಅತ್ಯಂತ ಕ್ರೂರ ರೂಪ.

*ಒಂದು ನ್ಯಾಯವಾದ ಆಕ್ಷೇಪ*

ಇಲ್ಲಿ ಯಾರಾದರೂ ಎದ್ದು ಹೀಗೆ ಕೇಳಬಹುದು, ಕೇಳಲೇಬೇಕು: "ಉಳಿಯದಿದ್ದರೂ ಪರವಾಗಿಲ್ಲ ಅನ್ನುವುದು ಸಮಾಧಾನದ ಮಾತು ಅಷ್ಟೇ. ಬಾಬಾಸಾಹೇಬರು ಒಂದು ದಿನ ನೀರು ಕುಡಿದು ಸುಮ್ಮನಾಗಲಿಲ್ಲ. ಸಂವಿಧಾನದಲ್ಲಿ 17ನೆಯ ವಿಧಿ ಬಂತು, ಅಸ್ಪೃಶ್ಯತೆ ಅಪರಾಧವಾಯಿತು. ಉಳಿಯುವ ಒಳಿತು ಬೇಕು. ಒಂದು ಹೊತ್ತು ಅನ್ನ ಕೊಟ್ಟು ಪುಣ್ಯ ಬಂತು ಎನ್ನುವ ದಾನಿಗೆ ನಿಮ್ಮ ಮಾತು ಒಳ್ಳೆಯ ನೆಪ."

ಈ ಆಕ್ಷೇಪ ಸರಿಯಾದದ್ದು. ನೆಲೆಸಬೇಕಾದ ಒಳಿತುಗಳು ಇವೆ. ಅವನ್ನು ನೆಲೆಗೊಳಿಸುವುದು ಹೇಗೆ ಎಂಬುದಕ್ಕೂ ಕರುಳಿನಲ್ಲೇ ಸುಳಿವು ಇದೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೈಫಿಡೋಬ್ಯಾಕ್ಟೀರಿಯಂ ಎಂಬ ಗುಂಪಿನ ಒಂದು ತಳಿಯನ್ನು ಜನರಿಗೆ ಕೊಟ್ಟು ನೋಡಿದರು. ಬಹುಪಾಲು ಜನರಲ್ಲಿ ಅದು ಹೊರಟುಹೋಯಿತು. ನೂರಕ್ಕೆ 30ರಷ್ಟು ಜನರಲ್ಲಿ ಮಾತ್ರ ಆರು ತಿಂಗಳಾದರೂ ಉಳಿದಿತ್ತು. ಅವರ ಕರುಳಿನಲ್ಲಿ ಅದೇ ಬಗೆಯ ಬ್ಯಾಕ್ಟೀರಿಯಾ ಮೊದಲು ಕಡಿಮೆ ಇತ್ತು, ಅದು ಮಾಡಬೇಕಾದ ಕೆಲಸಕ್ಕೆ ಜಾಗ ಖಾಲಿ ಇತ್ತು. ಜಾಗ ಇದ್ದ ಕಡೆ ಬಂದದ್ದು ನಿಂತಿತು. ಹಾಗೆಯೇ, ಕರುಳಿನ ಕಾಯಂ ನಿವಾಸಿಗಳು ಬದಲಾಗುವುದು ದಿನದ ಊಟ ಬದಲಾದಾಗ. ರಾಗಿ, ಕಾಳು, ಸೊಪ್ಪು, ತರಕಾರಿಯ ನಾರಿನಂಶ ಒಳ್ಳೆಯ ನಿವಾಸಿಗಳ ಆಹಾರ. ಊಟ ಬದಲಿಸಿದರೆ ಕೆಲವೇ ದಿನಗಳಲ್ಲಿ ಒಳಗಿನ ಲೋಕ ಬದಲಾಗತೊಡಗುತ್ತದೆ. ಹಳೆಯ ಊಟಕ್ಕೆ ಮರಳಿದರೆ ಅದೂ ಹಿಂದಕ್ಕೆ ಮರಳುತ್ತದೆ.

ಒಂದು ಸಲ ಒಳ್ಳೆಯದನ್ನು ಒಳಗೆ ಬಿಟ್ಟು ಅದು ತಾನೇ ಬೇರು ಬಿಡಲಿ ಎಂದು ಕಾಯುವುದು ಸಾಲದು. ನೆಲ ಹದ ಮಾಡಬೇಕು, ದಿನವೂ ಉಣಿಸಬೇಕು. ಭಾವನಾ ಎಂಬ ಪಾಲಿ ಪದದ ಅರ್ಥವೂ ಅದೇ, ಬೆಳೆಸುವುದು. ಶಿಬಿರದ ಹತ್ತು ದಿನ ದಂಡವಾಗಲಿಲ್ಲ. ಅದು ಒಂದು ಬಟ್ಟಲು ಮೊಸರು. ಮರುದಿನದಿಂದ ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಕೂರುವುದು ಊಟ ಬದಲಿಸಿದ ಹಾಗೆ. ಸಂವಿಧಾನದ ವಿಧಿಯೂ ಅಷ್ಟೇ. ಅದು ಬರೆದಿಟ್ಟ ಮಾತ್ರಕ್ಕೆ ನೆಲೆಸಿಲ್ಲ ಎಂಬುದು ನಮಗೆ ಗೊತ್ತು. ಅದನ್ನು ಪ್ರತಿದಿನ ಹೋಟೆಲಿನಲ್ಲಿ, ಬಾಡಿಗೆ ಮನೆ ಕೇಳುವಾಗ, ಶಾಲೆಯ ಬಿಸಿಯೂಟದ ಸಾಲಿನಲ್ಲಿ ನಡೆಸಬೇಕು.

ಇಲ್ಲಿ ಹೆಪ್ಪಿನ ಮಾತು ಮತ್ತೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ನಿನ್ನೆಯ ಮೊಸರಿನಿಂದಲೇ ಇಂದಿನ ಹೆಪ್ಪು, ಇಂದಿನದರಿಂದ ನಾಳೆಯದು, ಹೀಗೆ ವರ್ಷಗಟ್ಟಲೆ ನಡೆದುಬಂದಿದೆ. ಮೊದಲ ದಿನದ ಬ್ಯಾಕ್ಟೀರಿಯಾ ಒಂದೂ ಈಗ ಇಲ್ಲ. ಆದರೂ ಮನೆಯ ಮೊಸರಿನ ರುಚಿ ಮುಂದುವರಿದಿದೆ. ಮಿಲಿಂದ ಪಞ್ಹದಲ್ಲಿ ಭಂತೆ ನಾಗಸೇನರು ರಾಜ ಮಿಲಿಂದನಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪದ ಉಪಮೆ ಕೊಟ್ಟು, ಮುಂದುವರಿಯುವುದು ಮೊದಲಿನದೇ ಅಲ್ಲ, ಅದರಿಂದ ಪೂರ್ತಿ ಬೇರೆಯೂ ಅಲ್ಲ ಎಂದು ತಿಳಿಸುತ್ತಾರೆ. ನಾವು "ಉಳಿಯುವುದು" ಎನ್ನುವುದೆಲ್ಲ ಹೀಗೆಯೇ ಉಳಿಯುತ್ತದೆ. ವಸ್ತು ಉಳಿಯುವುದಿಲ್ಲ, ಹೆಪ್ಪು ದಾಟುತ್ತದೆ. ಆದರೆ ಒಂದು ರಾತ್ರಿ ಹೆಪ್ಪು ಹಾಕುವುದು ತಪ್ಪಿದರೆ ಸಾಲು ಅಲ್ಲಿಗೆ ನಿಲ್ಲಬಹುದು.

*ಒಳ್ಳೆಯದು ಎಲ್ಲರಿಗೂ ಒಳ್ಳೆಯದೇ?*

ಇನ್ನೊಂದು ಎಚ್ಚರ. ಒಳಿತು ಮಾಡುವ ಉತ್ಸಾಹದಲ್ಲಿ ನಾವು ಪಞ್ಞೆಯನ್ನು, ವಿವೇಕವನ್ನು ಬಿಡಬಾರದು.

ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಅದರ ಆಹಾರವನ್ನೂ ಸೇರಿಸಿ ಬರೀ ಏಳು ದಿನ ಮಕ್ಕಳಿಗೆ ಕೊಟ್ಟರು. ಎರಡು ತಿಂಗಳು ಗಮನಿಸಿ ನೋಡಿದಾಗ ರಕ್ತದ ನಂಜು ಮತ್ತು ಸಾವು, ಎರಡನ್ನೂ ಸೇರಿಸಿದ ಲೆಕ್ಕ, ನೂರಕ್ಕೆ 40ರಷ್ಟು ಇಳಿದಿತ್ತು. ಏಳು ದಿನದ ಅತಿಥಿ ಎಷ್ಟು ತಾಯಂದಿರ ಮಡಿಲು ಕಾಯಿತು!

ಆದರೆ ಇದಕ್ಕೂ ಮೊದಲು, 2008ರಲ್ಲಿ, ನೆದರ್‌ಲೆಂಡ್ಸಿನ ಇನ್ನೊಂದು ಅಧ್ಯಯನ ಪ್ರಕಟವಾಗಿತ್ತು. ಮೇದೋಜ್ಜೀರಕ ಗ್ರಂಥಿಯ ಉರಿಯೂತದಿಂದ ತೀವ್ರ ಅಸ್ವಸ್ಥರಾದವರಿಗೆ ನಳಿಕೆಯ ಮೂಲಕ ಕರುಳಿಗೆ ಪ್ರೋಬಯಾಟಿಕ್ ಕೊಟ್ಟರು. ಒಳ್ಳೆಯದಾಗಲಿ ಎಂದೇ ಕೊಟ್ಟದ್ದು. ಕೊಟ್ಟ 152 ಜನರಲ್ಲಿ 24 ಮಂದಿ ತೀರಿಕೊಂಡರು. ಕೊಡದ 144 ಜನರಲ್ಲಿ ತೀರಿಕೊಂಡವರು 9 ಮಂದಿ. ಎರಡು ಅಧ್ಯಯನಗಳಲ್ಲಿ ಕೊಟ್ಟದ್ದು ಒಂದೇ ತಳಿಯಲ್ಲ, ಪಡೆದವರ ಸ್ಥಿತಿಯೂ ಒಂದೇ ಅಲ್ಲ. ಆದರೆ "ಒಳ್ಳೆಯ ಬ್ಯಾಕ್ಟೀರಿಯಾ, ಯಾರಿಗೆ ಕೊಟ್ಟರೂ ಒಳ್ಳೆಯದೇ" ಎಂಬ ಮಾತು ಎಷ್ಟು ಅಪಾಯಕಾರಿ ಎಂದು ಇದರಿಂದ ಗೊತ್ತಾಗುತ್ತದೆ. ನಮ್ಮ ಗುಂಪುಗಳಲ್ಲೂ "ಇದನ್ನು ಕುಡಿದರೆ ಎಲ್ಲ ರೋಗ ಮಾಯ" ಎಂಬ ಸಂದೇಶಗಳು ಓಡಾಡುತ್ತವೆ. ದಯವಿಟ್ಟು ಅವನ್ನು ದಾಟಿಸಬೇಡಿ. ಮಗುವಿಗೆ ಭೇದಿಯಾದರೆ ಮೊದಲು ಓಆರ್‌ಎಸ್, ಜೊತೆಗೆ ವೈದ್ಯರು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಐಸಿಯುನಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳದೆ ಪ್ರೋಬಯಾಟಿಕ್ ಮಾತ್ರೆ ತೆಗೆದುಕೊಳ್ಳಬಾರದು.

*ಉಪಮೆ ನಿಲ್ಲುವ ಜಾಗ*

ಇಷ್ಟು ಹೊತ್ತು ಬ್ಯಾಕ್ಟೀರಿಯಾದಿಂದ ಪಾಠ ಕಲಿತೆವು. ಆದರೆ ಅದನ್ನು ಗುರು ಮಾಡಿಕೊಳ್ಳುವಂತಿಲ್ಲ. ಮೊಸರಿನ ಬ್ಯಾಕ್ಟೀರಿಯಾ ನಮಗೆ ಉಪಕಾರ ಮಾಡಬೇಕು ಎಂದುಕೊಂಡು ಒಡೆಯುವುದಿಲ್ಲ. ಅದಕ್ಕೆ ಚೇತನಾ ಇಲ್ಲ, ಅಂದರೆ ಸಂಕಲ್ಪ ಇಲ್ಲ. ಭಗವಾನರು ಕಮ್ಮ ಎಂದು ಕರೆದದ್ದು ಚೇತನೆಯನ್ನು. ಆದ್ದರಿಂದ ಬ್ಯಾಕ್ಟೀರಿಯಾದ್ದು ದಾನವೂ ಅಲ್ಲ, ತ್ಯಾಗವೂ ಅಲ್ಲ. ಮೊಸರು ತಿಂದರೆ ಜೀವಹಿಂಸೆಯಾಯಿತೇ ಎಂದು ಚಿಂತಿಸುವವರಿಗೂ ಉತ್ತರ ಅಲ್ಲೇ ಇದೆ. ಕೊಲ್ಲುವ ಚೇತನೆಯಿಂದ ಯಾರೂ ಮೊಸರನ್ನ ಕಲಸುವುದಿಲ್ಲ.

ಕರುಳಿನ ಲೋಕ ಕೊಡುಕೊಳ್ಳುವ ಲೋಕ. ಅಲ್ಲಿ ಉಪಯೋಗಕ್ಕೆ ಬಾರದ್ದು ಹೊರಗೆ ಹೋಗುತ್ತದೆ. ಮನುಷ್ಯರ ಲೋಕವೂ ಹಾಗೆಯೇ ನಡೆದರೆ ಏನಾಗುತ್ತದೆ? ವಿನಯ ಪಿಟಕದ ಮಹಾವಗ್ಗದಲ್ಲಿ ಇದಕ್ಕೆ ಒಂದು ಘಟನೆ ಇದೆ.

ಒಬ್ಬ ಭಿಕ್ಖುವಿಗೆ ಕರುಳಿನ ಬೇನೆ. ಭೇದಿಯಾಗಿ, ಏಳಲಾರದೆ, ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಭಗವಾನರು ಆನಂದರ ಜೊತೆ ವಸತಿಗಳನ್ನು ನೋಡುತ್ತಾ ಅಲ್ಲಿಗೆ ಬಂದರು. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದ. ಏಕೆ ಎಂದು ಕೇಳಿದರು. ನನ್ನಿಂದ ಇತರ ಭಿಕ್ಖುಗಳಿಗೆ ಏನೂ ಉಪಯೋಗವಾಗಿಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ ಎಂದ. ಅವನು ದೂರಲಿಲ್ಲ. ಲೆಕ್ಕ ಒಪ್ಪಿಸಿದ, ಅಷ್ಟೇ. ಕೊಟ್ಟಿಲ್ಲ, ಆದ್ದರಿಂದ ಸಿಗುತ್ತಿಲ್ಲ.

ಭಗವಾನರು ಅವನಿಗೆ ಧಮ್ಮೋಪದೇಶ ಮಾಡಲಿಲ್ಲ. ಆನಂದರಿಂದ ನೀರು ತರಿಸಿದರು. ಭಗವಾನರು ನೀರು ಹುಯ್ದರು, ಆನಂದರು ತೊಳೆದರು. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಅನಂತರ ಸಂಘವನ್ನು ಕರೆದು, ನಿಮಗೆ ಇಲ್ಲಿ ತಾಯಿಯೂ ಇಲ್ಲ ತಂದೆಯೂ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡುತ್ತಾರೆ, ನನ್ನ ಸೇವೆ ಮಾಡಬೇಕು ಎನ್ನುವವನು ರೋಗಿಯ ಸೇವೆ ಮಾಡಲಿ ಎಂಬ ಅರ್ಥದಲ್ಲಿ ಹೇಳಿದರು.

ಆ ಸಂದರ್ಭದಲ್ಲೇ ಒಳ್ಳೆಯ ಶುಶ್ರೂಷಕನ ಐದು ಗುಣಗಳನ್ನೂ ಹೇಳಿದರು. ಔಷಧ ಸಿದ್ಧಪಡಿಸಲು ಬರಬೇಕು. ರೋಗಿಗೆ ಯಾವುದು ಹಿತ, ಯಾವುದು ಅಹಿತ ಎಂದು ತಿಳಿದಿರಬೇಕು. ಲಾಭದ ಆಸೆಯಿಂದಲ್ಲದೆ ಮೈತ್ರಿಯಿಂದ ಮಾಡಬೇಕು. ಮಲ, ಮೂತ್ರ, ವಾಂತಿ, ಉಗುಳು ತೆಗೆಯಲು ಹೇಸಬಾರದು. ಸಮಯ ನೋಡಿ ಧಮ್ಮದ ಮಾತಿನಿಂದ ರೋಗಿಯ ಮನಸ್ಸಿಗೆ ಹುರುಪು ತುಂಬಬೇಕು.

ಈ ಐದರಲ್ಲಿ "ರೋಗಿ ನಿನ್ನನ್ನು ನೆನಪಿಟ್ಟುಕೊಳ್ಳಬೇಕು" ಎಂಬುದು ಇಲ್ಲ. "ರೋಗಿ ಗುಣವಾಗಲೇಬೇಕು" ಎಂಬುದೂ ಇಲ್ಲ. ಆ ಭಿಕ್ಖುವಿನ ಹೆಸರೂ ಅಲ್ಲಿ ಬರುವುದಿಲ್ಲ. ತೊಳೆದ ಮೈ ಮರುದಿನ ಮತ್ತೆ ಕೊಳೆಯಾಗಿರಬಹುದು. ಭಗವಾನರು ಆ ಲೆಕ್ಕ ಹಾಕಲಿಲ್ಲ. ಆದರೆ ಒಂದು ದಿನದ ಆ ನೀರು ಒಂದು ನಿಯಮವಾಗಿ, ಒಂದು ರೂಢಿಯಾಗಿ, ಇವತ್ತು ನಿಮ್ಮ ಮೊಬೈಲಿನವರೆಗೆ ಬಂದಿದೆ. ಹೆಪ್ಪು ಎಂದರೆ ಅದು.

ಮರೆವಿನ ಅತ್ತೆಯ ಮನೆಯ ಆ ಅಕ್ಕನಿಗೆ ಈಗ ಏನು ಹೇಳೋಣ? ಅಕ್ಕಾ, ನೀವು ಬಾಚಿದ ತಲೆ ಅತ್ತೆಯ ನೆನಪಿನಲ್ಲಿ ಉಳಿಯಲಿಲ್ಲ, ನಿಜ. ಆದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬ ಮುದುಕಿ ಶುಭ್ರವಾಗಿ, ಹೊಟ್ಟೆ ತುಂಬಿ, ಹೆದರಿಕೆ ಇಲ್ಲದೆ ಇದ್ದಳು. ಆ ಹೊತ್ತಿನ ಹಿತ ಆ ಹೊತ್ತಿಗೆ ಪೂರ್ತಿಯಾಗಿತ್ತು. ನೆನಪು ಇಲ್ಲ ಎಂಬ ಕಾರಣಕ್ಕೆ ಅದು ಇರಲೇ ಇಲ್ಲ ಎಂದಾಗುವುದಿಲ್ಲ. ಅದನ್ನು ನೋಡುತ್ತಾ ಬೆಳೆಯುವ ಮಕ್ಕಳು ಮನೆಯಲ್ಲಿದ್ದರೆ ಹೆಪ್ಪು ಆಗಲೇ ಬಿದ್ದಿದೆ. ಇಲ್ಲದಿದ್ದರೂ ಸರಿ. ಇನ್ನೊಂದು ಮಾತು: ಒಬ್ಬರೇ ಎಷ್ಟು ದಿನ? ಭಗವಾನರು ಅಂದು ಸೇವೆಯ ಹೊಣೆ ಹೊರಿಸಿದ್ದು ಇಡೀ ಸಂಘದ ಮೇಲೆ. ನಿಮ್ಮ ಮನೆಯವರನ್ನು ಕೇಳಿ, ನಮ್ಮನ್ನು ಕೇಳಿ. ವಾರಕ್ಕೆ ಎರಡು ಗಂಟೆ ಅತ್ತೆಯ ಜೊತೆ ಕೂರುವವರು ಈ ಬಳಗದಲ್ಲಿ ಸಿಗದಿದ್ದರೆ ನಾವು ಧಮ್ಮ ಓದಿದ್ದು ಯಾತಕ್ಕೆ?

*ಇಂದಿನ ಸಂಕಲ್ಪ*

ಇಂದು ಮೊಸರು ಕಲಸಿಕೊಳ್ಳುವಾಗ ಒಂದು ಕ್ಷಣ ನಿಲ್ಲೋಣ. ಇದರಲ್ಲಿ ನನಗೆ ಗೊತ್ತಿಲ್ಲದ ಎಷ್ಟು ಜೀವಗಳ ಕೆಲಸ ಇದೆ ಎಂದು ನೆನೆಯೋಣ. ಅನಂತರ, ಯಾರಿಂದ ನಮಗೆ ಏನೂ ಮರಳಿ ಬರುವುದಿಲ್ಲವೋ ಅಂಥ ಒಬ್ಬರಿಗೆ ಒಂದು ಸಣ್ಣ ಕೆಲಸ ಮಾಡೋಣ. ಮಾಡಿ, ಹೇಳಿಕೊಳ್ಳದೆ ಮುಂದೆ ಹೋಗೋಣ. ರಾತ್ರಿ ಮಲಗುವ ಮೊದಲು ಹಾಲಿಗೆ ಹೆಪ್ಪು ಹಾಕುವುದನ್ನು ಮರೆಯದಿರೋಣ.

ಸಕಲ ಜೀವಿಗಳೂ ಸುಖವಾಗಿರಲಿ. ನಮ್ಮೊಳಗಿನವೂ, ಹೊರಗಿನವೂ.

ಸಾಧು! ಸಾಧು! ಸಾಧು! 🙏

(ಧಮ್ಮ ಅಧ್ಯಯನ ಬಳಗ, ಶ್ರೀಗಂಧದ ಕಾವಲ್. ಇಷ್ಟವಾದರೆ ಪೂರ್ತಿಯಾಗಿ, ಮಧ್ಯೆ ಕತ್ತರಿಸದೆ ಹಂಚಿಕೊಳ್ಳಿ.)